ವಂಡ್ಸೆ ಅಮ್ಮನ ಬಸ್ಸಿಗೆ ಬಿಸಿನೀರು ಕೊಟ್ಟದ್ದು

ಬಸ್ಸಿನೊಳಗೆ ಬಚ್ಚಲು ಮಾಡಿ ಅದಕ್ಕೆ ಬಿಸಿನೀರು ಕೊಡಬೇಕು ಅಂದಾಗ ನಾನು ನಗಾಡಿದೆ. ಹೇಳಿದವರು ನಗಾಡಲಿಲ್ಲ. ಹಾಗಾಗಿ ನಾನೂ ನಿಲ್ಲಿಸಿದೆ.

ಹೇಳಿದವರು ಪುಣೆಯಲ್ಲಿ ಹೋಟೆಲ್ ಇಟ್ಟುಕೊಂಡ ಧಣಿ. ಮೂಲದ ಮನೆ ವಂಡ್ಸೆ. ಆ ಮನೆಯ ಪೈಪಿನ ಕೆಲಸ ಮೊದಲು ನನ್ನ ಗಂಡ ಮಾಡುತ್ತಿದ್ದ. ಅವನ ಕಣ್ಣು ಹೋದ ಮೇಲೆ ನಾನು ಮಾಡುತ್ತಿದ್ದೆ. ಹೆಂಗಸು ಪೈಪು ಹಾಕುವುದಾ ಅಂತ ಕೇಳುವವರು ಕುಂದಾಪುರದಲ್ಲಿ ಈಗಲೂ ಇದ್ದಾರೆ. ಅಂಥವರ ಮನೆಗೆ ನಾನು ಹೋಗುವುದಿಲ್ಲ, ಅಷ್ಟೆ.

ಧಣಿಯ ತಾಯಿಗೆ ಎರಡು ವರ್ಷದ ಹಿಂದೆ ವಾತ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿತ್ತು. ಬಾಯಿಗೆ ಎಂತದೂ ಆಗಿರಲಿಲ್ಲ. ಅವರನ್ನು ನಾನು ಅಮ್ಮ ಅನ್ನುತ್ತಿದ್ದೆ. ಅವರು ನನ್ನನ್ನು ಹೆಣ್ಣೇ ಅನ್ನುತ್ತಿದ್ದರು, ನನಗೆ ಆಗ ಅರವತ್ತು ದಾಟಿತ್ತು. ಅಮ್ಮನಿಗೆ ನಾಲ್ಕು ಗಂಡುಮಕ್ಕಳು. ಹನ್ನೆರಡು ಹದಿಮೂರರಲ್ಲೇ ಘಟ್ಟ ಹತ್ತಿ ಹೋಟೆಲಿನಲ್ಲಿ ಲೋಟ ತೊಳೆದವರು. ಈಗ ಹುಬ್ಬಳ್ಳಿ, ಕೊಲ್ಲಾಪುರ, ಪುಣೆ, ಮುಂಬೈಯಲ್ಲಿ ಒಬ್ಬೊಬ್ಬರದು ಒಂದೊಂದು ಹೋಟೆಲು. ಅಮ್ಮ ಒಂದನ್ನೂ ಕಂಡಿರಲಿಲ್ಲ. ಮಗಳ ಸಂಗಡ ವಂಡ್ಸೆಯಲ್ಲಿ ಇದ್ದು ಗದ್ದೆ, ಹಟ್ಟಿ ಅಂತ ಕಾಲ ಕಳೆದರು.

"ನಾಲ್ಕ್ ಮಕ್ಳ್ ನಾಲ್ಕ್ ಊರಿಗ್ ಅನ್ನ ಹಾಕ್ತ್ರ್ ಅಂಬ್ರ್. ಆ ಒಲಿ ನಾನ್ ಒಂದ್ ಸಲ ಕಾಣ್ಕ್" ಅಂತ ಅವರದು ಒಂದೇ ಹಟ.

ರೈಲಿನಲ್ಲಿ ಕೂರಲು ಆಗುವುದಿಲ್ಲ. ಕಾರಿನಲ್ಲಿ ಮಲಗಲು ಆಗುವುದಿಲ್ಲ. ದಿನಾ ಬೆಳಿಗ್ಗೆ ಮೈಗೆ ಎಣ್ಣೆ ತಿಕ್ಕಿ ಸುಡುಸುಡು ನೀರು ಹೊಯ್ಯಬೇಕು, ಒಂದು ದಿನ ತಪ್ಪಿದರೆ ಕೈ ಸೆಟೆದು ಮರದ ಹಾಗೆ ಆಗುತ್ತದೆ. ಲಾಡ್ಜಿನ ಬಚ್ಚಲಿಗೆ ಅವರನ್ನು ಎತ್ತಿಕೊಂಡು ಹೋಗುವವರು ಯಾರು? ಅದಕ್ಕೆ ಧಣಿ ಒಂದು ಹಳೆ ಮಿನಿ ಬಸ್ಸು ತೆಗೆದುಕೊಂಡು ಅದನ್ನೇ ಮನೆ ಮಾಡಿಸಲು ಹೊರಟರು. ನನ್ನನ್ನು ಹೊರಗೆ ಕರೆದು ಮೆಲ್ಲ ಹೇಳಿದರು: ಇನ್ನೊಂದು ಸಲ ವಾತ ಹೊಡೆದರೆ ಏಳುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಹೋಗುವುದಾದರೆ ಈ ದೀಪಾವಳಿ ಕಳೆದ ಕೂಡಲೇ. ಮುಂದಿನ ವರ್ಷ ಅನ್ನುವ ಮಾತು ಇಲ್ಲ.

ಬಸ್ಸು ಬ್ರಹ್ಮಾವರದ ಒಂದು ಶೆಡ್ಡಿನಲ್ಲಿ ನಿಂತಿತ್ತು. ಅಲ್ಲಿ ಬಾಡಿ ಕಟ್ಟುವ ಮೇಸ್ತ್ರಿ ಒಬ್ಬ. ನನಗಿಂತ ಹತ್ತು ಹದಿನೈದು ವರ್ಷ ಸಣ್ಣವ. ನಾನು ಹೋದ ದಿನ ಒಂದು ತಗಡನ್ನು ಮೊಣಕಾಲಿಗೆ ಒತ್ತಿ ಬಗ್ಗಿಸುತ್ತಿದ್ದ. ಟೇಪು ಹಿಡಿದು ಅಳೆಯಲಿಲ್ಲ, ಗೆರೆ ಹಾಕಲಿಲ್ಲ. ಎತ್ತಿಕೊಂಡು ಹೋಗಿ ಬಸ್ಸಿನ ಮೂಲೆಗೆ ಇಟ್ಟ, ಅಲ್ಲೇ ಹುಟ್ಟಿದ ಹಾಗೆ ಕೂತಿತು. ಹೊಗಳುವ ಜಾತಿ ನಾನಲ್ಲ. ಆದರೆ ಅದನ್ನು ಕಂಡು ಚೀಲ ಕೆಳಗಿಡುವುದನ್ನೇ ಮರೆತು ನಿಂತಿದ್ದೆ.

"ಎಂತ ಅಕ್ಕಾ, ತಗಡ್ ಕಾಣ್ಲಿಲ್ಯಾ ಇಷ್ಟರ್ ತನ್ಕ?" ಅಂದ.

"ತಗಡ್ ಕಂಡಿದೆ. ಹೇಳಿದ್ ಕೇಂಬು ತಗಡ್ ಕಂಡಿರ್ಲಿಲ್ಲೆ" ಅಂದೆ.

ಬಸ್ಸಿನ ಹಿಂದಿನ ಎಡಮೂಲೆಯಲ್ಲಿ ಬಚ್ಚಲು. ಉದ್ದ ನಾಲ್ಕು ಅಡಿ, ಅಗಲ ಮೂರು. ಅಮ್ಮನ ಕುರ್ಚಿ ಇಟ್ಟರೆ ಇನ್ನೊಬ್ಬರು ನಿಲ್ಲುವಷ್ಟೇ ಜಾಗ. ಬಾಗಿಲಿನ ವಿಷಯಕ್ಕೆ ಮೊದಲ ದಿನವೇ ಜಗಳ ಆಯಿತು. ಒಳಗೆ ತೆರೆಯುವ ಹಾಗೆ ಇಡು, ಇಲ್ಲದಿದ್ದರೆ ನಡುವಿನ ದಾರಿ ಕಟ್ಟಿಹೋಗುತ್ತದೆ ಅಂತ ನಾನು. ಅವನು ಕೇಳಲೇ ಇಲ್ಲ.

"ಒಳಗ್ ಯಾರಾದ್ರೂ ಬಿದ್ರೆ ಬಾಗ್ಲಿಗೇ ಅಡ್ಡ ಬೀಳ್ತ್ರ್. ಮತ್ ಎಳೆಯುದ್ ಹ್ಯಾಂಗೆ? ಹೊರಗೇ ತೆರಿಕ್."

"ನಿನ್ ಬಾಯಗ್ ಒಳ್ಳೆ ಮಾತೇ ಬತ್ತಿಲ್ಲೆ" ಅಂದೆ. ಬಾಗಿಲು ಅವನು ಹೇಳಿದ ಹಾಗೆಯೇ ಆಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಬಿಸಿನೀರಿಗೆ ಗ್ಯಾಸ್ ಗೀಸರ್ ಅಂತ ಮೊದಲೇ ನಿಶ್ಚಯ ಆಗಿತ್ತು. ಕರೆಂಟಿನದು ಬಸ್ಸಿನ ಬ್ಯಾಟರಿಗೆ ತಡೆಯುವುದಿಲ್ಲ. ಗ್ಯಾಸಿನದನ್ನು ನಾನು ಆರೇಳು ಮನೆಗೆ ಹಾಕಿದ್ದೆ. ಗೋಡೆಗೆ ತೂಗಿಸುವ ಒಂದು ಪೆಟ್ಟಿಗೆ. ಹಂಡೆಯ ಹಾಗೆ ನೀರು ತುಂಬಿಸಿ ಕಾಯಿಸಿ ಇಡುವುದಲ್ಲ. ನಲ್ಲಿ ತಿರುಗಿಸಿದಾಗ ಬರುವ ನೀರು ಒಳಗಿರುವ ಒಂದು ರಬ್ಬರ್ ಪೊರೆಯನ್ನು ದೂಡುತ್ತದೆ. ಪೊರೆ ಒಂದು ಕಡ್ಡಿಯನ್ನು ದೂಡುತ್ತದೆ. ಗ್ಯಾಸ್ ಬಿಟ್ಟುಕೊಳ್ಳುತ್ತದೆ, ಟಕಟಕ ಕಿಡಿ ಹಾರಿ ಬೆಂಕಿ ಹತ್ತುತ್ತದೆ, ತಾಮ್ರದ ಸುರುಳಿಯಲ್ಲಿ ಹರಿಯುತ್ತಾ ಹರಿಯುತ್ತಾ ನೀರು ಕಾಯುತ್ತದೆ. ನಲ್ಲಿ ಮುಚ್ಚಿದರೆ ಬೆಂಕಿ ತಾನೇ ಆರುತ್ತದೆ. ಇದನ್ನು ಮಾಡಿದವ ಯಾರೋ, ತಲೆ ಇದ್ದವ. ಹೊಗೆ ಕುಡಿದು ಹಂಡೆ ಒಲೆ ಊದಿದ ನನ್ನಂಥವಳಿಗೆ ಅದರ ಬೆಲೆ ಗೊತ್ತು.

ಮೊದಲ ತಪ್ಪು ನೀರಿನ ಟ್ಯಾಂಕಿನದು. ಮನೆಯ ಹಾಗೆಯೇ ಮಾಡುವ ಅಂತ ಬಸ್ಸಿನ ಮಾಡಿನ ಮೇಲೆ ಟ್ಯಾಂಕು ಇಟ್ಟು, ಅಲ್ಲಿಂದ ಪೈಪು ಇಳಿಸಿ, ಬಚ್ಚಲಿನ ಗೋಡೆಗೆ ಗೀಸರ್ ತೂಗಿಸಿದೆ. ನಲ್ಲಿ ತಿರುಗಿಸಿದರೆ ನೀರು ಬಂತು, ಬೆಂಕಿ ಬರಲಿಲ್ಲ. ಒಂದು ಕಿಡಿಯೂ ಇಲ್ಲ. ಮನೆಯಲ್ಲಿ ಟ್ಯಾಂಕು ಗೀಸರಿಗಿಂತ ಎರಡಾಳು ಮೇಲೆ ಇರುತ್ತದೆ, ಆ ಎತ್ತರದ ಭಾರಕ್ಕೆ ಪೊರೆ ಒತ್ತುತ್ತದೆ. ಇಲ್ಲಿ ನಡುವೆ ಮೂರು ಅಡಿಯೂ ಇಲ್ಲ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮೇಸ್ತ್ರಿ ಬಸ್ಸನ್ನು ಒಂದು ಸುತ್ತು ಬಂದು ಮಾಡಿನ ಕಡೆ ಕತ್ತು ಎತ್ತಿ, "ಅಕ್ಕಾ, ಹಾಲಾಡಿ ತಿರ್ಗಾಸಂಗೆ ಈ ನೀರ್ ಒಂದ್ ಬದಿಗ್ ಹೋರೆ ಬಸ್ಸೂ ಅದ್ರ್ ಹಿಂದೇ ಹೋತ್ತ್" ಅಂದ. ಅದೂ ಸರಿಯೇ. ಟ್ಯಾಂಕು ಕೆಳಗೆ ಇಳಿಯಿತು. ಅಮ್ಮನ ಮಂಚದ ಅಡಿಗೆ, ಎರಡು ಗಾಲಿಯ ನಡುವೆ ಸಮಾ ಕೂರಿಸಿದೆವು.

ಟ್ಯಾಂಕು ಕೆಳಗಾದ ಮೇಲೆ ನೀರು ದೂಡಲು ಪಂಪು ಬೇಕು. ಧಣಿ ಮುಂಬೈಯಿಂದ ಬ್ಯಾಟರಿಯಲ್ಲಿ ಓಡುವ ಒಂದು ಸಣ್ಣ ಪಂಪು ಕಳಿಸಿದರು. ಮೋಜಿನ ದೋಣಿಗಳಿಗೆ ಹಾಕುವುದಂತೆ. ತೆಂಗಿನಕಾಯಿಯಷ್ಟೇ ಗಾತ್ರ. ನಲ್ಲಿ ತೆರೆದರೆ ತಾನೇ ಓಡುತ್ತದೆ, ಮುಚ್ಚಿದರೆ ತಾನೇ ನಿಲ್ಲುತ್ತದೆ. ಮೇಸ್ತ್ರಿ ಅದಕ್ಕೆ ಬೇರೆಯೇ ಒಂದು ಬ್ಯಾಟರಿ ಇಟ್ಟುಕೊಟ್ಟ. ಈಗ ಬೆಂಕಿ ಹತ್ತಿತು. ಹತ್ತಿದ ಹಾಗೆಯೇ ಆರಿತು. ಮತ್ತೆ ಹತ್ತಿತು, ಮತ್ತೆ ಆರಿತು. ಪಂಪು ನೀರನ್ನು ಒಂದೇ ಸಮ ಬಿಡುವುದಿಲ್ಲ, ಬಿಕ್ಕಳಿಕೆ ಬಂದವರ ಹಾಗೆ ತುಂಡು ತುಂಡು ದೂಡುತ್ತದೆ. ಕೈ ಒಡ್ಡಿದರೆ ಒಮ್ಮೆ ಸುಡುತ್ತದೆ, ಒಮ್ಮೆ ತಣ್ಣಗೆ. ಬಿದ್ದ ಕೈಗೆ ಬಿಸಿ ಗೊತ್ತಾಗದ ಮುದುಕಿಗೆ ಇಂಥ ನೀರು ಹೊಯ್ಯಲು ಆಗುತ್ತದಾ?

ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಬೆಳಿಗ್ಗೆ ಗಂಡನಿಗೆ ಗಂಜಿ ಬಡಿಸುತ್ತಾ ಹೇಳಿದೆ. ಅವನು ಕಣ್ಣಿಲ್ಲದೆ ಕೂತಲ್ಲೇ, "ಬಾವಿ ಪಂಪಿನ ಲೈನ್ ಬಡ್ಕಂಬಾಗ ನಾವ್ ಎಂತ ಮಾಡ್ತಿದ್ದಿತ್?" ಅಂತ ಕೇಳಿದ. ಅಷ್ಟೇ ಸಾಕಾಯಿತು. ಪಂಪಿನ ಮುಂದೆ ಮೂರು ಬಾಯಿಯ ಒಂದು ಟೀ ಜೋಡಣೆ ಹಾಕಿ, ಎರಡಿಂಚಿನ ಪೈಪನ್ನು ಎರಡು ಅಡಿ ನೆಟ್ಟಗೆ ನಿಲ್ಲಿಸಿ ತಲೆಗೆ ಮುಚ್ಚಳ ಹಾಕಿದೆ. ಒಳಗೆ ಗಾಳಿ ಸಿಕ್ಕಿಕೊಂಡು ಕೂರುತ್ತದೆ. ಪಂಪು ದೂಡಿದಾಗ ಗಾಳಿ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ, ನೀರು ಮಾತ್ರ ಒಂದೇ ಸಮ ಹೋಗುತ್ತದೆ. ನಲ್ಲಿ ತಿರುಗಿಸಿದೆ. ಬೆಂಕಿ ನೀಲಿಯಾಗಿ ಹತ್ತಿ ಹಾಗೆಯೇ ನಿಂತಿತು. ಮೇಸ್ತ್ರಿ ನೀರಿಗೆ ಕೈ ಒಡ್ಡಿ ನಿಂತವ ನಲ್ಲಿ ಬಿಟ್ಟು ಹೋಗಲೇ ಇಲ್ಲ, ಟ್ಯಾಂಕು ಅರ್ಧ ಆಯಿತು.

ಆಮೇಲೆ ಪೈಪು ಸೋರಿತು. ಮನೆ ಅಲ್ಲಾಡುವುದಿಲ್ಲ, ಬಸ್ಸು ಅಲ್ಲಾಡುತ್ತದೆ. ಮನೆಯ ರೂಢಿಯಲ್ಲಿ ನಾನು ಕಬ್ಬಿಣದ ಪೈಪಿಗೆ ತಿರುಪಿನ ಮರೆ ಕೊರೆದು, ಸಣಬು ಸುತ್ತಿ ಬಿಗಿದಿದ್ದೆ. ಹಾಲಾಡಿಗೆ ಹೋಗಿ ಬರುವಷ್ಟರಲ್ಲಿ ಪೈಪಿನ ಮೂರು ಮೊಣಕೈ ತಿರುವಿನಲ್ಲಿ ನೀರು ಇಳಿಯುತ್ತಿತ್ತು. ಎಲ್ಲ ಬಿಚ್ಚಿದೆ. ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು ಹಾಕಿ, ಪಂಪಿನ ಹತ್ತಿರ ಮತ್ತು ಗೀಸರಿನ ಹತ್ತಿರ ಬಳುಕುವ ಹೋಸ್ ಕೊಟ್ಟೆ. ಕ್ಲಾಂಪಿನ ಅಡಿಗೆಲ್ಲ ಸೈಕಲ್ ಟ್ಯೂಬು ಕತ್ತರಿಸಿ ಇಟ್ಟೆ. ಮತ್ತೆ ಹಾಲಾಡಿಗೆ ಹೋಗಿ ಬಂದೆವು. ಅಡಿಗೆ ಹಾಸಿದ ಕಾಗದ ಒದ್ದೆ ಆಗಿರಲಿಲ್ಲ.

ಉಳಿದದ್ದು ಗಾಳಿಯ ಕಂಡಿ. ಗ್ಯಾಸ್ ಉರಿಯುವಾಗ ಕೋಣೆಯ ಒಳ್ಳೆಯ ಗಾಳಿಯನ್ನು ತಿನ್ನುತ್ತದೆ, ಮುಚ್ಚಿದ ಜಾಗ ಆದರೆ ವಿಷ ಬಿಡುತ್ತದೆ. ಆ ವಿಷಕ್ಕೆ ವಾಸನೆ ಇಲ್ಲ. ಪೆಟ್ಟಿಗೆಯ ಸಂಗಡ ಬಂದ ಇಂಗ್ಲಿಷ್ ಕಾಗದ ನನಗೆ ಓದಲು ಬರುವುದಿಲ್ಲ, ಕನ್ನಡವೇ ಅಕ್ಷರ ಕೂಡಿಸಿ ಓದುವವಳು ನಾನು. ಆದರೆ ಅಂಗಡಿಯವ ಬಾಯಲ್ಲಿ ಹೇಳಿದ್ದನ್ನು ಮರೆತಿರಲಿಲ್ಲ. ಮೇಸ್ತ್ರಿ ಹತ್ತಿರ ಹೇಳಿ ಬಚ್ಚಲಿನ ಹಿಂದಿನ ಗೋಡೆಯ ಮೇಲ್ಗಡೆ ಒಂದು ಗೇಣು ಚೌಕದ ಕಂಡಿ ಕೊರೆಸಿದೆ. ಬಾಗಿಲಿನ ಅಡಿಯಲ್ಲಿ ಎರಡು ಬೆರಳು ಸಂದು ಬಿಡಿಸಿದೆ. ಅಮ್ಮನ ಮಗಳಿಗೆ ಎರಡೆರಡು ಸಲ ಹೇಳಿದೆ, "ಈ ಕಂಡಿ ಮುಚ್ಚುಕಾಗ."

ದೀಪಾವಳಿಗೆ ಹತ್ತು ದಿನ ಇರುವಾಗ ಅಮ್ಮನನ್ನು ಕೂರಿಸಿಕೊಂಡು ಒಂದು ಸಲ ನೋಡುವ ಅಂತ ಹೊರಟೆವು. ಮೇಸ್ತ್ರಿ ಬಸ್ಸು ಬಿಟ್ಟ. ವಂಡ್ಸೆಯಲ್ಲಿ ಅಮ್ಮನನ್ನೂ ಮಗಳನ್ನೂ ಹತ್ತಿಸಿಕೊಂಡು ಕಿರಿಮಂಜೇಶ್ವರಕ್ಕೆ ಹೋಗಿ, ಸಮುದ್ರ ಕಾಣುವ ಒಂದು ಬಯಲಲ್ಲಿ ನಿಲ್ಲಿಸಿದೆವು. ಅಮ್ಮ ದಾರಿಯುದ್ದಕ್ಕೂ ಮಲಗಿದಲ್ಲಿಂದಲೇ ಮೇಸ್ತ್ರಿಗೆ ಬಸ್ಸು ಬಿಡಲು ಕಲಿಸುತ್ತಿದ್ದರು. "ಹ್ವಾಯ್, ಹೊಂಡ ತಪ್ಸುದ್ ಕಲ್ತಿದ್ರ್ಯಾ, ಬೀಳ್ಸುದ್ ಕಲ್ತಿದ್ರ್ಯಾ?" ಅಂತ.

ಮೊದಲ ಸಲ, ಪೆಟ್ಟಿಗೆಯ ಹತ್ತಿರ ನಾನೇ ಇರುತ್ತೇನೆ ಅಂತ ಮೀಯಿಸಲು ನಾನು ಒಳಗೆ ಹೋದೆ. ಮಗಳು ಎಣ್ಣೆ ತಿಕ್ಕಿ, ತಾಯಿಯನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿ, ಬಾಗಿಲು ಎಳೆದುಕೊಂಡು ಹೋದಳು. ನಾನು ನಲ್ಲಿ ತಿರುಗಿಸಿದೆ. ಬೆಂಕಿ ಹತ್ತಿತು. ಬಾಲ್ದಿ ತುಂಬಿತು. ಎರಡು ಚೊಂಬು ಹೊಯ್ದಿದ್ದೆನೋ ಇಲ್ಲವೋ, ಸಮುದ್ರದ ಗಾಳಿ ಕಂಡಿಯಿಂದ ಸಮಾ ಅಮ್ಮನ ಬೆನ್ನಿಗೇ ಹೊಡೆಯಲು ಶುರು ಮಾಡಿತು. ಎಣ್ಣೆ ಮೈ, ಒದ್ದೆ ಮೈ. ಹಲ್ಲು ಕಟಕಟ ಅಂದಿತು.

"ಗಾಳಿ ತಾಗ್ತ್ ಹೆಣ್ಣೇ. ಅದನ್ ಮುಚ್ಚ್."

ಬಾಣಂತಿ ಮೀಯುವಾಗ, ವಾತದವರು ಮೀಯುವಾಗ ಗಾಳಿ ತಾಗಬಾರದು. ಇದು ನನಗೆ ಯಾರೂ ಕಲಿಸಿದ್ದಲ್ಲ, ನಡೆಯಲು ಕಲಿತ ಹಾಗೆ ಬಂದದ್ದು. ನನ್ನ ತಾಯಿ ಬಚ್ಚಲಿನ ಹಂಚಿನ ಸಂದಿಗೂ ಬಟ್ಟೆ ತುರುಕಿ ನನ್ನನ್ನು ಮೀಸಿದ್ದಳು, ನಾನು ನನ್ನ ಮಗಳಿಗೆ ಹಾಗೆಯೇ ಮಾಡಿದ್ದೆ. ಹೆಗಲಿನ ಮೈ ಒರೆಸುವ ಬೈರಾಸು ತೆಗೆದು ಮಡಚಿ ಕಂಡಿಗೆ ತುರುಕಿದೆ. ಕಾಲು ಒರೆಸುವ ಗೋಣಿಯನ್ನು ಬಾಗಿಲಿನ ಅಡಿಗೆ ಒತ್ತಿದೆ. ಈ ಕೆಲಸ ಮಾಡುವಾಗ ನನ್ನ ಕೈಗೆ ಒಂದು ತಡೆಯೂ ಬರಲಿಲ್ಲ. ನಾನೇ ಇಡಿಸಿದ ಕಂಡಿ.

ಅಮ್ಮ ಸುಖವಾಗಿ ಮಿಂದರು. ನಾನು ಹೊಯ್ಯುತ್ತಲೇ ಹೋದೆ. ಬಾಲ್ದಿ ಖಾಲಿ ಆಗುವುದರೊಳಗೆ ತುಂಬುತ್ತದೆ, ಮುಗಿಯುವುದೇ ಇಲ್ಲ ಈ ಬಿಸಿನೀರು ಅಂತ ನನಗೆ ಒಳಗೊಳಗೇ ಹೆಮ್ಮೆ. ಕಾಲು ಗಂಟೆ ಆಗಿರಬಹುದು. ಅಮ್ಮ, "ತಲೆ ಭಾರ ಆತ್ತ್" ಅಂದರು. ಎಣ್ಣೆ ನೀರಿಗೆ ಹಾಗೆ ಆಗುತ್ತದೆ ಅಂದುಕೊಂಡೆ. ನನ್ನ ಹಣೆಯೂ ಬಡಿಯುತ್ತಿತ್ತು, ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಇನ್ನೊಂದು ಚೊಂಬು ಹೊಯ್ಯುವಾಗ ಅಮ್ಮನ ತಲೆ ಎದೆಗೆ ಬಿತ್ತು. ಕರೆದರೆ ಮಾತಿಲ್ಲ. ಆಗ ಪೆಟ್ಟಿಗೆಯ ಕಿಂಡಿ ಕಂಡೆ. ಒಳಗಿನ ಬೆಂಕಿ ನೀಲಿ ಇರಲಿಲ್ಲ, ಅರಿಶಿನ ನೀರಿಗೆ ಸುಣ್ಣ ಹಾಕಿದ ಹಾಗೆ ಕೆಂಪಾಗಿ ಕುಣಿಯುತ್ತಿತ್ತು.

ನಲ್ಲಿ ತಿರುಗಿಸಿದೆ. ಬೆಂಕಿ ಆರಿತು. ಬೈರಾಸು ಕೀಳಲು ಕೈ ಎತ್ತಿದರೆ ಕೈ ಮೇಲೆ ಹೋಗಲಿಲ್ಲ. ಕಾಲಿನಲ್ಲಿ ಎಲುಬೇ ಇಲ್ಲದ ಹಾಗೆ. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಮೈಯ ಭಾರವನ್ನೆಲ್ಲ ಬಾಗಿಲಿನ ಮೇಲೆ ಬಿಟ್ಟೆ. ಬಾಗಿಲು ಹೊರಗೆ ತೆರೆಯುವುದು. ತೆರೆಯಿತು. ನಾನು ದಾರಿಯಲ್ಲಿ ಅಂಗಾತ ಬಿದ್ದೆ. ಮೇಸ್ತ್ರಿ ನನ್ನನ್ನು ದಾಟಿಕೊಂಡು ಒಳಗೆ ಹೋಗಿ ಅಮ್ಮನನ್ನು ಕುರ್ಚಿ ಸಮೇತ ಎತ್ತಿ ಹೊರಗೆ ತಂದ. ಒಳಗೆ ತೆರೆಯುವ ಬಾಗಿಲು ಆಗಿದ್ದರೆ ನಾನು ಅದಕ್ಕೇ ಅಡ್ಡ ಬಿದ್ದಿರುತ್ತಿದ್ದೆ.

ಮಗಳು ತಾಯಿಗೆ ಸೀರೆ ಸುತ್ತಿದಳು. ಬಸ್ಸಿನ ಬಾಗಿಲಲ್ಲಿ ಸಮುದ್ರದ ಗಾಳಿಗೆ ಮುಖ ಮಾಡಿ ಕೂರಿಸಿದೆವು. ಅದೇ ಗಾಳಿ. ಬೈಂದೂರಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅಮ್ಮ ಒಂದು ಸಲ ವಾಂತಿ ಮಾಡಿ ಕಣ್ಣು ಬಿಟ್ಟರು. ನನ್ನನ್ನು ಕಂಡು ಹೇಳಿದ ಮೊದಲ ಮಾತು, "ನೀರ್ ಲಾಯ್ಕ್ ಬಿಸಿ ಇದ್ದಿತ್ತ್."

ನಾನು ಅಳುವವಳಲ್ಲ. ಆ ದಿನ ಕಿಟಕಿಯ ಹೊರಗೆ ನೋಡಿದೆ.

ಬೈಂದೂರಿನ ಡಾಕ್ಟರ್ ಇಬ್ಬರಿಗೂ ಮೂಗಿಗೆ ಆಮ್ಲಜನಕ ಹಾಕಿಸಿದರು. ಮಧ್ಯಾಹ್ನದ ಹೊತ್ತಿಗೆ ಅಮ್ಮನ ಮುಖಕ್ಕೆ ಬಣ್ಣ ಬಂತು. ಡಾಕ್ಟರ್ ಕೇಳಿದರು, "ಬಾತ್‌ರೂಮಿಗೆ ಕಿಟಕಿ ಇರಲಿಲ್ವಾ?"

"ಇತ್ತಲ್ದಾ" ಅಂತ ಮಗಳು ನನ್ನ ಕಡೆ ತಿರುಗಿದಳು. "ಮುಚ್ಚುಕಾಗ ಅಂದೇಳಿ ಇವ್ರೇ ಎರಡೆರಡ್ ಸಲ ಹೇಳಿದ್ರ್."

ಬೈರಾಸು ಬಸ್ಸಿನೊಳಗೆ ಇನ್ನೂ ಕಂಡಿಯಲ್ಲೇ ಇತ್ತು. ಯಾರೂ ಕಂಡಿರಲಿಲ್ಲ. ವಾತದ ಮುದುಕಿ, ದೂರದ ದಾರಿ, ತಲೆ ತಿರುಗಿತು ಅಂತ ನಾನು ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇತ್ತ್" ಅಂದೆ. "ಇಡ್ಸಿದ್ದೂ ನಾನೇ, ಮುಚ್ಚಿದ್ದೂ ನಾನೇ."

ಅಮ್ಮ ಮಲಗಿದಲ್ಲಿಂದ, "ಮುಚ್ಚ್ ಅಂದದ್ ನಾನ್" ಅಂದರು. ಅವರು ಹೇಳಿದ್ದು ನಿಜ. ಆದರೆ ಅವರಿಗೆ ಗ್ಯಾಸಿನ ವಿಷಯ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಮಗಳು ಪುಣೆಗೆ ಫೋನ್ ಮಾಡಿದಳು. ಧಣಿಯ ಸ್ವರ ಫೋನಿನಿಂದ ಹೊರಗೆ ಕೇಳುತ್ತಿತ್ತು. ಗೀಸರ್ ಬೇಡ, ಬಸ್ಸು ಬೇಡ, ಪ್ರಯಾಣವೇ ಬೇಡ, ಅಮ್ಮ ಮನೆಯಲ್ಲೇ ಇರಲಿ. ಅಮ್ಮ ಬಲಗೈ ಚಾಚಿ ಫೋನ್ ಇಸಕೊಂಡರು.

"ನಿನ್ ಒಲಿ ಕಾಂಬುಕೆ ನಾನ್ ಬತ್ತೆ. ಅಷ್ಟರೊಳಗ್ ಅಡ್ಗಿಮನಿ ತೊಳ್ಸಿ ಇಡ್" ಅಂತ ಹೇಳಿ ಫೋನನ್ನು ಮಗಳ ಕೈಗೆ ಕೊಟ್ಟರು. ಮತ್ತೆ ನನ್ನ ಕಡೆ, "ಎಷ್ಟ್ ದಿನ ಬೇಕ್ ನಿಂಗೆ?"

ಮೇಸ್ತ್ರಿ ಒಂದು ಉಪಾಯ ಹೇಳಿದ. ಕಂಡಿಯ ಹತ್ತಿರ ಕೆಂಪು ಬಣ್ಣದಲ್ಲಿ 'ಮುಚ್ಚಬಾರದು' ಅಂತ ದೊಡ್ಡದಾಗಿ ಬರೆಯುವ ಅಂತ. ನಾನು ಬೇಡ ಅಂದೆ. ಕಂಡಿ ಇಡಿಸಿದವಳೇ ಎರಡು ಚೊಂಬು ನೀರು ಹೊಯ್ಯುವುದರೊಳಗೆ ಮುಚ್ಚಿದ್ದಾಳೆ. ಚಳಿಗೆ ನಡುಗುವ ತಾಯಿಯ ಎದುರು ಬರಹ ಓದಿ ಕೈ ಕಟ್ಟಿ ನಿಲ್ಲುವ ಹೆಂಗಸು ನಮ್ಮ ಊರಿನಲ್ಲಿ ಇಲ್ಲ. ಮುಚ್ಚಬೇಡಿ ಅಂತ ಹೇಳಿ ಪ್ರಯೋಜನ ಇಲ್ಲ. ಎಲ್ಲ ಮುಚ್ಚಿದರೂ ಎಂತದೂ ಆಗದ ಹಾಗೆ ಮಾಡಬೇಕು. ಬೆಂಕಿ ಬಚ್ಚಲಿನಲ್ಲಿ ಇರಲೇಬಾರದು. ಗೋಡೆಯ ಆಚೆ, ಬಸ್ಸಿನ ಹೊರಗೆ ಇರಬೇಕು. ಬಿಸಿನೀರು ಮಾತ್ರ ಒಳಗೆ ಬರಬೇಕು.

"ಎಂಟ್ ದಿನ" ಅಂದೆ ಅಮ್ಮನಿಗೆ. ಮೇಸ್ತ್ರಿಯ ಮುಖ ಕಂಡೆ. ಬಚ್ಚಲಿದ್ದ ಬಸ್ಸಿನ ಎಡ ಮಗ್ಗುಲನ್ನು ಅವನು ಒಂದೇ ತಗಡಿನಲ್ಲಿ, ಒಂದು ಜೋಡಣೆಯೂ ಕಾಣದ ಹಾಗೆ ಬಗ್ಗಿಸಿ ಕಟ್ಟಿದ್ದ. ಹನ್ನೆರಡು ದಿನದ ಕೆಲಸ. ಬಣ್ಣ ಹೊಡೆದು ಒಣಗಿ ಕನ್ನಡಿಯ ಹಾಗೆ ಆಗಿತ್ತು, ಕಾಣಲು ಬೇರೆ ಶೆಡ್ಡಿನವರೂ ಬಂದು ಹೋಗಿದ್ದರು. ಅದನ್ನು ಕೊರೆಯಬೇಕು.

ಬ್ರಹ್ಮಾವರಕ್ಕೆ ಬಂದು ಬಸ್ಸು ನಿಲ್ಲಿಸಿ ಅವನು ಆ ಮಗ್ಗುಲಿನ ಎದುರು ಒಂದು ಬೀಡಿ ಸೇದಿದ. ಬೈಯುತ್ತಾನೆ ಅಂತ ಕಾದೆ. ಬೈಯಲಿಲ್ಲ. ಸೀಮೆಸುಣ್ಣ ತಂದ. ಆ ಮನುಷ್ಯ ಗೆರೆ ಎಳೆದದ್ದು ನಾನು ಕಂಡದ್ದು ಅದೊಂದೇ ಸಲ. ನಾಲ್ಕು ಮೂಲೆಗೆ ತೂತು ಕೊರೆದು, ಗರಗಸದ ಬ್ಲೇಡು ಒಳಗೆ ಬಿಟ್ಟು, ಕೈಯಲ್ಲೇ ಕೊಯ್ದ. ತುಂಡು ಕೈಗೆ ಬಂದಾಗ ಅಂಚಿಗೆ ಬೆರಳು ಎಳೆದು, "ಅಕ್ಕಾ, ನೀವ್ ಮುಚ್ಚಿದ್ ಕಂಡಿಗೆ ನಾನ್ ಎಂಥಾ ಕಂಡಿ ತೆಗಿಕಾಯ್ತ್ ಕಾಣಿ" ಅಂದ. ಅಷ್ಟೇ. ಅದರ ಮೇಲೆ ಆ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ.

ಆ ಕಂಡಿಗೆ ತಗಡಿನ ಗೂಡು ಮಾಡಿ ಕೂರಿಸಿದ. ಬಚ್ಚಲಿನ ಬದಿ ಪೂರಾ ಬಂದ್, ತಗಡಿನ ಮೇಲೆ ಬೆಂಕಿ ತಡೆಯುವ ಹಲಗೆ. ಹೊರಬದಿಗೆ ಸೀಳು ಸೀಳು ಇರುವ ಬಾಗಿಲು. ಗೂಡಿನ ಒಳಗೆ ನಾನು ಗೀಸರ್ ತೂಗಿಸಿದೆ. ತಣ್ಣೀರು ಕೆಳಗಿಂದ, ಗ್ಯಾಸ್ ಹಿಂದಿನಿಂದ, ಬಿಸಿನೀರಿನ ಒಂದು ಪೈಪು ಮಾತ್ರ ಗೋಡೆ ದಾಟಿ ಬಚ್ಚಲಿಗೆ. ಆ ತೂತಿನ ಸುತ್ತ ರಬ್ಬರ್ ಬಳೆ ಹಾಕಿ ಸಂದು ಮುಚ್ಚುವ ಲಪ್ಪ ತುಂಬಿದೆ.

ಹೊರಗೆ ಗಾಳಿ ಬೀಸಿದ ಕೂಡಲೇ ಬೆಂಕಿ ಆರಿತು. ಬಾಗಿಲಿನ ಸೀಳು ಸಣ್ಣ ಮಾಡಿದರೆ ಹೊಗೆ ಹೋಗುವುದಿಲ್ಲ, ದೊಡ್ಡ ಮಾಡಿದರೆ ಬೆಂಕಿ ನಿಲ್ಲುವುದಿಲ್ಲ. ಎರಡು ದಿನ ಹೀಗೆ ಹೋಯಿತು. ಮೇಸ್ತ್ರಿ ಊಟದ ಬಾಳೆಲೆ ಎದುರು ಇಟ್ಟುಕೊಂಡು ಉಣ್ಣದೆ ಬೆರಳು ಆಡಿಸುತ್ತಾ ಕೂತಿದ್ದವ ಎದ್ದು ಹೋಗಿ, ಸೀಳಿನ ಹಿಂದೆ ಇನ್ನೊಂದು ಸಾಲು ಸೀಳು ಮಾಡಿದ. ಮುಂದಿನ ಸೀಳು ಇದ್ದಲ್ಲಿ ಹಿಂದೆ ತಗಡು, ಮುಂದೆ ತಗಡು ಇದ್ದಲ್ಲಿ ಹಿಂದೆ ಸೀಳು. "ಗಾಳಿ ತಿರ್ಗಿ ಬಪ್ಪತಿಗೆ ಅದ್ರ್ ಜೋರ್ ಸಾಯ್ತ್. ಹೊಗಿಗೆ ಎಂತ ಅವಸರ, ಅದ್ ಮೆಲ್ಲ ಹೋತ್ತ್" ಅಂದ. ಊರಿನ ಮದುವೆಗಳಿಗೆ ಇಡುವ ದೊಡ್ಡ ಫ್ಯಾನು ತಂದು ಎದುರು ಇಟ್ಟೆವು. ಬೆಂಕಿ ಬಗ್ಗಿತು, ಆರಲಿಲ್ಲ.

ಆಮೇಲೆ ಗೂಡಿನ ಒಳಗೆ ಒಂದು ಕಟ್ಟು ಊದುಬತ್ತಿ ಹಚ್ಚಿಟ್ಟು, ಬಾಗಿಲು ಹಾಕಿ, ಬಚ್ಚಲಿನ ಒಳಗೆ ಹೋಗಿ ಮೂಸಿದೆ. ಮೊದಲ ಸಲ ಪೈಪಿನ ಬುಡದಲ್ಲಿ ಪರಿಮಳ ಬಂತು. ಲಪ್ಪ ಕಿತ್ತು ಮತ್ತೆ ತುಂಬಿದೆ. ಎರಡನೇ ಸಲ ಇಲ್ಲ. ಮೂರನೇ ಸಲವೂ ಇಲ್ಲ.

ಏಳನೇ ದಿನ ಬೆಳಿಗ್ಗೆ ನಾನು ಮಾಡಿದ್ದು ಇಷ್ಟು. ಅದೇ ಬೈರಾಸನ್ನು ಹಳೆ ಕಂಡಿಗೆ ತುರುಕಿದೆ. ಗೋಣಿಯನ್ನು ಬಾಗಿಲಿನ ಅಡಿಗೆ ಒತ್ತಿದೆ. ಎಲ್ಲೆಲ್ಲಿ ಬೆಳಕು ಕಂಡಿತೋ ಅಲ್ಲೆಲ್ಲ ಬಟ್ಟೆ. ಅಮ್ಮನ ಕುರ್ಚಿಯಲ್ಲಿ ಕೂತು, ಬಾಗಿಲು ಹಾಕಿಸಿ, ನಲ್ಲಿ ತಿರುಗಿಸಿದೆ. ತಪ್ಪು ಮಾಡಿದವಳು ನಾನು, ಮೊದಲು ಕೂರಬೇಕಾದವಳೂ ನಾನೇ.

ಮೇಸ್ತ್ರಿ ಹೊರಗೆ ಬಾಗಿಲಿನ ಚಿಲಕಕ್ಕೆ ಕೈ ಇಟ್ಟು ನಿಂತಿದ್ದ. ಪ್ರತಿ ಎರಡು ನಿಮಿಷಕ್ಕೆ ಬಡಿಯುತ್ತಿದ್ದ.

"ಅಕ್ಕಾ, ಇದ್ರ್ಯಾ?"

"ಇದ್ದೆ."

"ತಲಿ ಹ್ಯಾಂಗಿತ್ತ್?"

"ನಿನ್ ತಲಿಗಿಂತ ಲಾಯ್ಕ್ ಇತ್ತ್."

ಟ್ಯಾಂಕು ಖಾಲಿ ಆಗುವವರೆಗೆ ಕೂತೆ. ಮುಕ್ಕಾಲು ಗಂಟೆಗೂ ಮೇಲೆ. ಕೊನೆಗೆ ಅವನು ಬಡಿದಾಗ ನಾನು ಓಗೊಡಲಿಲ್ಲ, ತಲೆಗೆ ಸೀಗೆ ಹಾಕಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಅವನು ಬಾಗಿಲು ಕಿತ್ತು ತೆಗೆದ. ನಾನು ಚೊಂಬು ಎಸೆದೆ. ಹೆಗಲಿಗೆ ತಾಗಿತು. ಅವನು ನೋವಿಗೆ ಕೂಗುವ ಬದಲು ನಗಾಡುತ್ತಾ ಓಡಿಹೋದ, ಶೆಡ್ಡಿನ ಆ ಕೊನೆಯವರೆಗೆ ಅವನ ನಗೆ ಕೇಳುತ್ತಿತ್ತು.

ಸಂಜೆ ವಂಡ್ಸೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವರಿಗೆ ಸೀಳು, ಪೈಪು, ಗೂಡು ಯಾವುದೂ ಬೇಕಿರಲಿಲ್ಲ.

"ನೀ ಮಿಂದ್ಯಾ?"

"ಮಿಂದೆ."

"ಎಲ್ಲ ಮುಚ್ಚ್ಕಂಡ್?"

"ಎಲ್ಲ ಮುಚ್ಚ್ಕಂಡೇ."

"ತಲಿಗೂ?"

ನಾನು ತಲೆ ಬಗ್ಗಿಸಿ ತೋರಿಸಿದೆ. ಬಲಗೈಯಿಂದ ನನ್ನ ಕೂದಲು ಮುಟ್ಟಿ ನೋಡಿದರು. ಇನ್ನೂ ಒದ್ದೆ ಇತ್ತು.

"ಹಾಂಗಾರೆ ಹೋಪ" ಅಂದರು.

ದೀಪಾವಳಿ ಕಳೆದು ಮೂರನೇ ದಿನ ಬಸ್ಸು ಹೊರಟಿತು. ನಾನು ಕಳಿಸಲು ಹೋಗಲಿಲ್ಲ, ಕುಂದಾಪುರದಲ್ಲೊಂದು ಮನೆಯ ಟ್ಯಾಂಕು ಸೋರುತ್ತಿತ್ತು.

ಒಂದೂವರೆ ತಿಂಗಳು ಬಿಟ್ಟು ಬಂದರು. ಪೈಪಿನ ಜೋಡಣೆ ನೋಡಲು ಹೋದೆ. ಅಮ್ಮ ಇಳಿದು ಹೋಗಿದ್ದರು, ಮೈಯಲ್ಲಿ. ಬಾಯಲ್ಲಿ ಅಲ್ಲ. ನಾಲ್ಕು ಒಲೆಯನ್ನೂ ಕಂಡು ಬಂದಿದ್ದರು. ಹುಬ್ಬಳ್ಳಿಯವನ ಸಾರಿಗೆ ಉಪ್ಪು ಸಾಲದು, ಮುಂಬೈಯವನ ಅಡಿಗೆಭಟ್ಟ ಎಣ್ಣೆಯನ್ನು ಕೈ ಬಿಟ್ಟು ಸುರಿಯುತ್ತಾನೆ, ಪುಣೆಯವನ ಹೋಟೆಲ್ ಚಂದ ಆದರೆ ಬಚ್ಚಲು ಕೊಳಕು. "ನಾನ್ ನನ್ ಬಸ್ಸಂಗೇ ಮಿಂದೆ" ಅಂದರು. "ದಿನಾ."

ಬಸ್ಸು ಹತ್ತಿ ಮಂಚದ ಅಡಿಗೆ ಕೈ ಹಾಕಿದೆ. ಒಂದೊಂದೇ ಜೋಡಣೆ ಮುಟ್ಟಿ ನೋಡಿದೆ. ಒಣಗಿತ್ತು. ಗೂಡಿನ ಬಾಗಿಲು ತೆಗೆದು ಬೆಂಕಿ ಹತ್ತಿಸಿದೆ, ನೀಲಿ. ಕೊನೆಗೆ ಬಚ್ಚಲಿಗೆ ಹೋದೆ. ಮೇಲಿನ ಕಂಡಿಯಲ್ಲಿ ನನ್ನ ಬೈರಾಸು ಹಾಗೆಯೇ ಇತ್ತು. ನಾಲ್ಕು ಊರಿನ ಧೂಳು ಕುಡಿದು ರಟ್ಟಿನ ಹಾಗೆ ಗಟ್ಟಿಯಾಗಿತ್ತು. ಅಷ್ಟು ದಿನ ಒಬ್ಬರೂ ಅದನ್ನು ತೆಗೆದಿರಲಿಲ್ಲ.

ನಾನೂ ತೆಗೆಯಲಿಲ್ಲ. ಇನ್ನೂ ಸ್ವಲ್ಪ ಒಳಗೆ ಒತ್ತಿ ಇಳಿದು ಬಂದೆ.